ಮಂಗಳವಿಲ್ಲದ ಶ್ರವಣ

"ಆ ಮಗು ಮೇಲೆ ಬಂತೇ?"

ಚಿದಂಬರಯ್ಯನವರು ಇದನ್ನು ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಹಜಾರದಲ್ಲಿ ಅವರ ಎದುರಿಗಿದ್ದದ್ದು ಬರೀ ಗೋಡೆ. ಕೈಯಲ್ಲಿದ್ದ ಕಾಫಿ ಆರಿ ಕೆನೆಗಟ್ಟಿತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಬೇಕೆಂಬ ನೆನಪೂ ಅವರಿಗಿದ್ದಂತೆ ಕಾಣಲಿಲ್ಲ.

"ಯಾವ ಮಗೂರೀ?" ಅಡುಗೆಮನೆಯಿಂದ ಅವರ ಹೆಂಡತಿ ಪದ್ಮಾವತಮ್ಮ ಕೂಗಿದರು. "ಗೋಡೇನ ಕೇಳ್ತಾ ಇದೀರಲ್ಲ, ಅದು ಉತ್ತರ ಹೇಳಿದ್ರೆ ನನ್ನನ್ನೂ ಕರೀರಿ. ಈ ಮನೇಲಿ ನಾನು ಕೇಳಿದ್ದಕ್ಕಂತೂ ಯಾರೂ ಉತ್ತರ ಕೊಡಲ್ಲ."

ಕೆಲಸಕ್ಕೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಮಗಳು ಮೈಥಿಲಿ ತಿರುಗಿ ನೋಡಿದಳು. ಯುಗಾದಿ ಕಳೆದಾಗಿನಿಂದ ಅಪ್ಪ ಹೀಗೆ. ಸುಮ್ಮನೆ ಕೂತವರು ಇದ್ದಕ್ಕಿದ್ದಂತೆ ಬೆಚ್ಚುತ್ತಾರೆ, ಅಳುತ್ತಾರೆ, ಬೆವರುತ್ತಾರೆ. ಉಟ್ಟ ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋಗಿದ್ದಾರೆ. "ಮನುಷ್ಯ ಕೂತಿದ್ದಾರೆ, ಹೃದಯ ಮಾತ್ರ ಓಡ್ತಾ ಇದೆ. ಇದು ಬಹಳ ದಿನ ತಡೆಯಲ್ಲ" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಯಾಕೆ ಓಡುತ್ತಿದೆ ಎಂಬುದು ಅವರಿಗೂ ತಿಳಿದಿರಲಿಲ್ಲ.

"ಯಾವ ಮಗು ಅಪ್ಪ?"

"ಬಾವಿ ಕಣಮ್ಮ. ಹಳದಿ ಬಕೆಟ್ಟು ತೇಲ್ತಾ ಇದೆ. ಹಗ್ಗ ಹಾಗೇ ಇದೆ. ಮಗು ಕಾಣಿಸ್ತಾ ಇಲ್ಲ."

ಮೈಥಿಲಿಯ ಕೈ ಚಪ್ಪಲಿಯ ಪಟ್ಟಿಯ ಮೇಲೆ ನಿಂತಿತು. ಹಳದಿ ಬಕೆಟ್ಟು ತೇಲ್ತಾ ಇದೆ ಅಕ್ಕಾ, ಹಗ್ಗ ಹಾಗೇ ಇದೆ ಎಂದು ಹಿಂದಿನ ದಿನ ಫೋನಿನಲ್ಲಿ ಒಬ್ಬ ಹೆಂಗಸು ಅವಳಿಗೆ ಹೇಳಿದ್ದಳು. ಮೈಥಿಲಿ ಊರು ಕೇಳಿ, ಗುರುತು ಕೇಳಿ, ವಾಹನ ಕಳಿಸಿ, ಮುಂದಿನ ಕರೆ ಎತ್ತಿಕೊಂಡಿದ್ದಳು. ಮನೆಯಲ್ಲಿ ಆ ಮಾತನ್ನು ಆಡಿರಲಿಲ್ಲ. ಆಡುವುದಿರಲಿ, ಈ ಗಳಿಗೆಯವರೆಗೆ ಅವಳಿಗೇ ಅದು ನೆನಪಿರಲಿಲ್ಲ.

ತುಮಕೂರಿನ ಹೊರವಲಯದಲ್ಲಿದ್ದ ಆ ಕಟ್ಟಡಕ್ಕೆ ಏನೋ ಉದ್ದನೆಯ ಸರ್ಕಾರಿ ಹೆಸರಿತ್ತು. ಜನ ಕರೆಯುತ್ತಿದ್ದದ್ದು ಮೊರೆ ಕೇಂದ್ರ ಎಂದು. ಬೆಂಕಿ, ಅಪಘಾತ, ಹಾವು ಕಡಿತ, ಹೆರಿಗೆ ನೋವು, ಏನೇ ಆಗಲಿ, ಇಡೀ ನಾಡಿನ ಮೊರೆ ಬಂದು ಬೀಳುತ್ತಿದ್ದದ್ದು ಅಲ್ಲಿ ಸಾಲಾಗಿ ಕೂತವರ ಕಿವಿಗೆ. ಮೊದಲೆಲ್ಲ ಅಲ್ಲಿ ಯಾರೂ ಬಹಳ ದಿನ ನಿಲ್ಲುತ್ತಿರಲಿಲ್ಲ. ಒಂದು ಕರೆ ಮುಗಿದ ಮೇಲೆ ಮುಂದಿನದನ್ನು ಎತ್ತಲಾರದೆ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದರು. ಅಷ್ಟರಲ್ಲಿ ಇನ್ನೊಂದು ಕರೆ ಬಡಿದುಕೊಂಡು ಬಡಿದುಕೊಂಡು ನಿಂತೇ ಹೋಗುತ್ತಿತ್ತು. ನಿಂತುಹೋದ ಕರೆ ಎಂದರೆ ಎಲ್ಲೋ ಒಂದು ಜೀವ.

ಆಗ ಬಂದದ್ದು ಬಿಲ್ಲೆ. ಕಿವಿಯ ಹಿಂದೆ ಅಂಟಿಸಿಕೊಳ್ಳುವ, ಅರ್ಧ ರೂಪಾಯಿಯಷ್ಟು ಅಗಲದ, ಚರ್ಮದ ಬಣ್ಣದ ಬಿಲ್ಲೆ. ಅದನ್ನು ರೂಪಿಸಿದ ಲೋಹಿತಾಶ್ವ ಎಂಬ ಎಂಜಿನಿಯರ್ ತರಬೇತಿಯ ದಿನ ಎಲ್ಲರನ್ನೂ ಕೂರಿಸಿಕೊಂಡು ವಿವರಿಸಿದ್ದ.

"ಕಂಪ್ಯೂಟರಿನ ಒಳಗೆ ಕರ್ನಲ್ ಅಂತ ಒಂದು ಇರುತ್ತೆ. ಮನೆ ಯಜಮಾನಿ ಇದ್ದ ಹಾಗೆ. ಒಲೆ ಮೇಲೆ ಹಾಲಿಟ್ಟಿದಾಳೆ, ಯಾರೋ ಬಾಗಿಲು ಬಡೀತಾರೆ. ಅದೇ ಇಂಟರಪ್ಟ್. ಬಾಗಿಲಲ್ಲೇ ನಿಂತು ಅವರ ಕಷ್ಟಸುಖ ಎಲ್ಲಾ ಕೇಳ್ತಾ ಇದ್ರೆ ಹಾಲು ಉಕ್ಕುತ್ತೆ, ಅವರ ಹಿಂದೆ ಬಂದೋರು ವಾಪಸ್ ಹೋಗ್ತಾರೆ. ಜಾಣೆ ಏನು ಮಾಡ್ತಾಳೆ? 'ಬಂದ್ರಾ, ಕೂತ್ಕೊಳ್ಳಿ' ಅಂತ ಜಗಲಿ ಮೇಲೆ ಕೂರಿಸಿ ಒಲೆ ಕಡೆ ಓಡ್ತಾಳೆ. ಮಾತು ಆಮೇಲೆ. ಬಿಲ್ಲೆ ಮಾಡೋದೂ ಅಷ್ಟೇ. ನಿಮಗೆ ಬರೋ ಗಾಬರಿ, ದುಃಖ, ಎಲ್ಲಾನೂ ಜಗಲಿ ಮೇಲೆ ಕೂರಿಸುತ್ತೆ."

"ಆಮೇಲೆ ಅಂದ್ರೆ ಯಾವಾಗ ಸರ್?" ಎಂದು ಮೈಥಿಲಿಯ ಪಕ್ಕದಲ್ಲಿದ್ದ ಹಸೀನಾ ಕೇಳಿದ್ದಳು. "ನಮ್ಮನೆ ಜಗಲಿ ಮೇಲೆ ಕೂತೋರು ಊಟ ಮಾಡದೆ ಏಳಲ್ಲ."

ಎಲ್ಲರೂ ನಕ್ಕಿದ್ದರು. "ಮನಸ್ಸು ಖಾಲಿ ಇದ್ದಾಗ. ನಿದ್ದೇಲಿ, ಸ್ನಾನ ಮಾಡುವಾಗ. ಚೂರು ಚೂರೇ ಒಳಗೆ ಬಿಡುತ್ತೆ, ನಿಮಗೆ ತಡೆಯೋ ಅಷ್ಟು" ಎಂದಿದ್ದ ಲೋಹಿತಾಶ್ವ.

ಮೊದಲು ಹಾಗೇ ಆಯಿತು. ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಸ್ವಲ್ಪ ಅಳು, ಬೆಳಗಿನ ಜಾವ ಒಂದು ಕೆಟ್ಟ ಕನಸು. ಕ್ರಮೇಣ ಅದೂ ನಿಂತಿತು. ಅಭ್ಯಾಸವಾಯಿತು ಎಂದುಕೊಂಡರು. ನೌಕರರ ಮನೆಯವರಿಗೂ ಬಿಲ್ಲೆಗಳು ಬಂದವು, ಆಮೇಲೆ ಊರಿನ ಹಿರಿಯ ನಾಗರಿಕರಿಗೆಲ್ಲ ಹಂಚಿದರು. ನಿದ್ದೆ ಚೆನ್ನಾಗಿ ಬರುತ್ತದೆ, ನಾಡಿ ನೋಡಿಕೊಳ್ಳುತ್ತದೆ ಎಂದರು. ನಿದ್ದೆ ಬಾರದ ಚಿದಂಬರಯ್ಯ ಸಂತೋಷವಾಗಿ ಅಂಟಿಸಿಕೊಂಡರು. ಪದ್ಮಾವತಮ್ಮನವರೂ ಅಂಟಿಸಿಕೊಂಡರು, ಪಕ್ಕದ ಮನೆಯವಳ ಹತ್ತಿರ ಇದ್ದದ್ದು ತಮ್ಮ ಹತ್ತಿರ ಇಲ್ಲದಿರಬಾರದಲ್ಲ.

ಅಪ್ಪನ ಬಾಯಲ್ಲಿ ಬಕೆಟ್ಟಿನ ಮಾತು ಕೇಳಿದ ದಿನ ಮಧ್ಯಾಹ್ನ ಮೈಥಿಲಿ ತನ್ನ ಜಾಗದಲ್ಲಿ ಕೂತು ಕರೆ ಎತ್ತಿದಳು. ಒಬ್ಬ ಹುಡುಗ ಉಸಿರುಗಟ್ಟಿ ಹೇಳುತ್ತಿದ್ದ: "ನಮ್ಮಪ್ಪ ಏಳ್ತಿಲ್ಲ. ಹೊಲದಲ್ಲಿ ಮಲಗಿದಾರೆ, ಬಾಯಲ್ಲಿ ನೊರೆ ಬರ್ತಾ ಇದೆ. ಅಪ್ಪಾ, ಏಳಪ್ಪಾ."

ಅವಳ ಪಕ್ಕೆಲುಬಿನ ಕೆಳಗೆ ತಣ್ಣಗೆ ಏನೋ ಎದ್ದಿತು. ಏಳುತ್ತಿದ್ದಂತೆಯೇ ಇಲ್ಲವಾಯಿತು, ಯಾರೋ ಕೈಯಿಂದ ಎತ್ತಿಕೊಂಡು ಹೋದಂತೆ. ಅವಳ ಬಾಯಿ ಸಮಾಧಾನವಾಗಿ ಊರು ಕೇಳಿತು, ಗುರುತು ಕೇಳಿತು. ವಾಹನ ಹೊರಟಿತು. ದಿನಾ ಆಗುತ್ತಿದ್ದದ್ದೇ. ಎತ್ತಿಕೊಂಡು ಹೋದವರು ಯಾರು ಎಂದು ಮಾತ್ರ ಅವಳು ಇದುವರೆಗೆ ಯೋಚಿಸಿರಲಿಲ್ಲ.

ಮನೆಗೆ ಫೋನ್ ಮಾಡಿದಳು.

"ಅಮ್ಮ, ಅಪ್ಪ ಏನು ಮಾಡ್ತಿದಾರೆ?"

"ಏನು ಮಾಡ್ತಾರೆ? ಈಗಷ್ಟೇ ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ರು, ಹಾಳಾದ್ದು ಮತ್ತೆ ಶುರುವಾಯ್ತು. ನೆಲ ತಡವ್ತಾ 'ಅಪ್ಪಾ, ಏಳಪ್ಪಾ' ಅಂತಿದಾರೆ. ಅವರಪ್ಪ ಹೋಗಿ ಯಾವ ಕಾಲ ಆಯ್ತು! ನನ್ನ ಮಾವ ಸತ್ತ ದಿನವೂ ಇವರು ಹೀಗೆ ಅಳಲಿಲ್ಲ ಕಣೇ. ನಾನೇ ನೋಡಿದೀನಲ್ಲ... ಮೈಥಿಲಿ? ಇದೀಯೇನೇ?"

ಶನಿವಾರ ಸಂಜೆ ಅವಳು ಅಪ್ಪನ ಜೊತೆ ರಾಮಮಂದಿರದ ಕಾವ್ಯವಾಚನಕ್ಕೆ ಹೋದಳು. ಬೇಡವೆಂದರೆ ಅವರು ಕೇಳುವವರಲ್ಲ. ಚಿದಂಬರಯ್ಯನವರಿಗೆ ಹಾಡಲು ಬಾರದು, ಅರ್ಥ ಹೇಳಲು ಬಾರದು, ಕೇಳಲು ಬರುತ್ತದೆ. ಹಾಗೆ ಕೇಳುವವರು ಊರಲ್ಲಿ ಇನ್ನೊಬ್ಬರಿಲ್ಲ ಎನ್ನುವುದು ಅಲ್ಲಿ ಎಲ್ಲರೂ ಒಪ್ಪಿದ ಮಾತು. ಚಿಕ್ಕಂದಿನಲ್ಲಿ ತಾತನ ತೊಡೆಯ ಮೇಲೆ ಕೂತು ಕೇಳಿದ್ದು, ನೌಕರಿಯ ಕಾಲದಲ್ಲಿ ಮೈಲಿಗಟ್ಟಲೆ ಸೈಕಲ್ ತುಳಿದು ಹೋಗಿ ಕೇಳಿದ್ದು. ಅವರು ಮುಂದಿನ ಸಾಲಿನಲ್ಲಿ ಬಂದು ಕೂತು ಕಣ್ಣು ಮುಚ್ಚುವವರೆಗೆ ಗಮಕಿ ವಾರಿಜಾಕ್ಷಿ ಶ್ರುತಿಪೆಟ್ಟಿಗೆ ಮುಟ್ಟುತ್ತಿರಲಿಲ್ಲ.

ಅವತ್ತು ಮದುವೆಯ ಸಂಧಿ. ಮೋಹನ ರಾಗದಲ್ಲಿ ವಾರಿಜಾಕ್ಷಿಯವರ ದನಿ ತೋರಣ ಕಟ್ಟಿದಂತೆ ಏರಿತು. ಮದುಮಗಳ ಸಖಿಯರು ಮದುಮಗನನ್ನು ಹಾಸ್ಯ ಮಾಡುವ ಪದ್ಯ ಬಂತು. ಸಭೆ ಒಳಗೊಳಗೇ ನಗಬೇಕಾದ ಜಾಗ.

ಸಭೆ ಅಳುತ್ತಿತ್ತು.

ಒಬ್ಬಿಬ್ಬರಲ್ಲ. ಕಂಬಕ್ಕೊರಗಿದ ಮುದುಕರು, ಗೋಡೆಯ ಬದಿಯ ಹೆಂಗಸರು, ಎಲ್ಲರ ಕೆನ್ನೆಯೂ ತೊಯ್ದಿತ್ತು. "ಏನು ರಸ! ಏನು ರಸ!" ಎಂದು ಹಿಂದಿನಿಂದ ಯಾರೋ ಉದ್ಗರಿಸಿದರು. ಕೆಲವು ವಾರಗಳಿಂದ ಹೀಗೇ ನಡೆಯುತ್ತಿದೆಯಂತೆ. ಭಕ್ತಿ ಹಣ್ಣಾಗಿದೆ ಎಂದು ಊರೇ ಹೇಳುತ್ತಿತ್ತು. ವಾರಿಜಾಕ್ಷಿಯವರ ಮುಖದಲ್ಲಿ ಸಾರ್ಥಕತೆಯ ಬೆಳಕಿತ್ತು. ಬೇರೆಯ ಸಭೆಯಾಗಿದ್ದರೆ ವೈದ್ಯರನ್ನು ಕರೆಸುತ್ತಿದ್ದರೋ ಏನೋ. ಇಲ್ಲಿ ಪದ್ಯಕ್ಕೆ ಕಣ್ಣೀರು ಬಂದರೆ ಅದನ್ನು ಪ್ರಶ್ನಿಸುವ ರೂಢಿಯಿರಲಿಲ್ಲ.

ಮೈಥಿಲಿ ಮಾತ್ರ ಅವರ ಕೈಗಳನ್ನು ನೋಡಿದಳು. ಒಬ್ಬ ಅಜ್ಜಿ ಸೆರಗನ್ನು ಮುದ್ದೆ ಮಾಡಿ ಗಾಳಿಯಲ್ಲಿ ಯಾವುದೋ ಗಾಯಕ್ಕೆ ಒತ್ತಿ ಹಿಡಿದಿದ್ದರು. ಅನಂತರಾಮು ಎಂಬ ನಿವೃತ್ತ ಗುಮಾಸ್ತರು ತಮ್ಮ ಪಂಚೆಯ ಮೇಲೆ ಇಲ್ಲದ ಬೆಂಕಿಯನ್ನು ಬಡಿದು ಬಡಿದು ಆರಿಸುತ್ತಿದ್ದರು. ಮದುಮಗಳಿಗಾಗಿ ಅತ್ತವರು ಅಲ್ಲಿ ಯಾರೂ ಇರಲಿಲ್ಲ.

ನೋಡುತ್ತಿದ್ದಂತೆ ಅನಂತರಾಮು ಮುಂದಕ್ಕೆ ಕವುಚಿ ಬಿದ್ದರು.

"ಮೊರೆ ಕೇಂದ್ರಕ್ಕೆ ಫೋನ್ ಮಾಡ್ರೋ!" ಎಂದು ಯಾರೋ ಕೂಗಿದರು. ಮೈಥಿಲಿಯ ಬೆರಳು ಆಗಲೇ ಒತ್ತಿತ್ತು. ಅತ್ತ ಕಡೆ ಹಸೀನಾಳ ದನಿ, ಕೊಳದ ನೀರಿನಂತೆ ನಿಶ್ಚಲ: "ಹೇಳಿ, ಯಾವ ಊರು? ಏನು ಗುರುತು?"

"ಹಸೀನಾ, ನಾನು ಮೈಥಿಲಿ. ರಾಮಮಂದಿರ. ಒಬ್ಬರು ಬಿದ್ದಿದಾರೆ, ಉಸಿರಾಡ್ತಿಲ್ಲ."

ಮಾತು ಮುಗಿಯುವುದಕ್ಕೂ ಇಡೀ ಸಭೆ ಒಟ್ಟಿಗೆ, ಒಂದೇ ಎದೆಯಿಂದ ಎಂಬಂತೆ, ಉಸಿರನ್ನು ಒಳಗೆಳೆದುಕೊಳ್ಳುವುದಕ್ಕೂ ಸರಿಹೋಯಿತು. ಹಸೀನಾಳಿಗೆ ಹುಟ್ಟಿದ ಗಾಬರಿ ಅವಳಲ್ಲಿ ನಿಲ್ಲದೆ ಇಲ್ಲಿಗೇ ಬಂದು ಇಳಿದಿತ್ತು. ಇನ್ನೊಬ್ಬ ಮುದುಕರು ಎದೆ ಹಿಡಿದುಕೊಂಡರು. ಇನ್ನೂ ಒಬ್ಬರು ಫೋನ್ ತೆಗೆದರು.

"ಮಾಡಬೇಡಿ!" ಮೈಥಿಲಿ ಕಿರುಚಿದಳು. "ದಮ್ಮಯ್ಯ, ಇನ್ನೊಂದು ಕರೆ ಮಾಡಬೇಡಿ! ಎಲ್ಲಾರೂ ಏಳಿ, ಹೊರಗೆ ಬನ್ನಿ!"

ಯಾರೂ ಏಳಲಿಲ್ಲ. ಚಿದಂಬರಯ್ಯನವರು ಕಣ್ಣು ಮುಚ್ಚಿಯೇ ಗಮಕಿಯ ಕಡೆಗೆ ಕೈಯೆತ್ತಿದರು. ಹಿಡಿದ ಸಂಧಿಗೆ ಮಂಗಳ ಹಾಡದೆ ಏಳುವಂತಿಲ್ಲ. ವಾರಿಜಾಕ್ಷಿ ನಡುಗುವ ದನಿಯಲ್ಲಿ ಮಂಗಳದ ಪದ್ಯ ಹಾಡಿದರು. ಆಮೇಲೆ ಸಭೆ ಎದ್ದಿತು. ಅನಂತರಾಮು ಏಳಲಿಲ್ಲ.

ಸೋಮವಾರ ಮುಂಜಾನೆ ಲೋಹಿತಾಶ್ವನ ಕೋಣೆಯಲ್ಲಿ ಪರದೆಗಳ ಗುಂಯ್‌ಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವನು ಮೈಥಿಲಿ ಹೇಳಿದ್ದನ್ನೆಲ್ಲ ಕೇಳಿದ. ಆಶ್ಚರ್ಯಪಡಲಿಲ್ಲ. ಅವಳಿಗೆ ಹೆದರಿಕೆಯಾಗಬೇಕಾದದ್ದು ಅಲ್ಲೇ.

"ಒಂದು ಪ್ರೊಸೆಸರಿಗೆ ಹೊರೆ ಜಾಸ್ತಿಯಾದರೆ ಉಳಿದ ಕೆಲಸಾನ ಖಾಲಿ ಇರೋ ಇನ್ನೊಂದಕ್ಕೆ ಕಳಿಸೋದು ಹಳೇ ಪದ್ಧತಿ" ಎಂದ. "ಜಗಲಿ ಪದ್ಧತೀನ ಕರ್ನಲ್ಲಿಂದ ತಗೊಂಡಾಗ ಅದೂ ಬಿಲ್ಲೆ ಒಳಗೆ ಬಂದುಬಿಡ್ತು. ಬೇಕಂತ ಇಟ್ಟಿದ್ದಲ್ಲ ಮೈಥಿಲಿ. ತೆಗೆಯೋದು ಮರೆತ್ವಿ."

"ಗೊತ್ತಾದ ಮೇಲೆ?"

ಅವನು ಕನ್ನಡಕ ತೆಗೆದು ಒರೆಸತೊಡಗಿದ. "ಗೊತ್ತಾದ ತಿಂಗಳು ಕೇಂದ್ರದಲ್ಲಿ ಒಂದು ಕರೆಯೂ ನಿಂತುಹೋಗಲಿಲ್ಲ. ಎಷ್ಟು ಜನ ಬದುಕಿದ್ರು ಗೊತ್ತಾ? ತೆಗೆಯೋಕೆ ಕೈ ಬರಲಿಲ್ಲ."

"ನಮ್ಮಪ್ಪನ ತಲೆ ಖಾಲಿ ಅಂತ ನಿಮಗೆ ಯಾರು ಹೇಳಿದ್ರು?"

"ಬಿಲ್ಲೆ ನೋಡೋದು ಮಿದುಳಿನ ಅಲೆಗಳನ್ನ. ತನ್ನ ಯೋಚನೆ ಓಡ್ತಾ ಇಲ್ಲ, ಆದರೆ ಎಲ್ಲಾ ಬಾಗಿಲೂ ತೆಗೆದಿದೆ ಅಂದ್ರೆ ಖಾಲಿ ಅಂತ ಲೆಕ್ಕ. ನಿದ್ದೆ ಹೋದೋರು ಹಾಗಿರ್ತಾರೆ ಅಂದ್ಕೊಂಡಿದ್ವಿ. ಕೇಳ್ತಾ ಕೂತೋರೂ ಹಾಗೇ ಇರ್ತಾರೆ ಅಂತ..." ಅವನು ಮಾತು ನಿಲ್ಲಿಸಿ ಪರದೆಯನ್ನು ಅವಳ ಕಡೆ ತಿರುಗಿಸಿದ. ಊರಿನ ನಕ್ಷೆಯ ಮೇಲೆ ಚುಕ್ಕೆಗಳು. ಅವಳ ಬೀದಿಯಲ್ಲಿ ಒಂದು ಚುಕ್ಕೆ ಉಳಿದೆಲ್ಲಕ್ಕಿಂತ ಕೆಂಪಗೆ ಉರಿಯುತ್ತಿತ್ತು. "ಇದು ಯಾರು ಅಂತ ನನಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ಇಷ್ಟು ಆಳ ಯಾರಲ್ಲೂ ಇಲ್ಲ. ಕೇಂದ್ರದ ಅರ್ಧ ಹೊರೆ ಇವರೊಬ್ಬರೇ ಹೊರ್ತಿದಾರೆ."

"ನಮ್ಮಮ್ಮಂಗೂ ಬಿಲ್ಲೆ ಇದೆ. ಅವಳಿಗೆ ಏನೂ ಆಗಿಲ್ಲ."

"ಅವರ ತಲೆ ಒಂದು ಗಳಿಗೆಯೂ ಖಾಲಿ ಸಿಕ್ಕಿಲ್ಲ." ಅವನು ನಗಲು ಹೋಗಿ ಬಿಟ್ಟ.

"ನನ್ನ ಪಾಲಿನದು ನನಗೆ ವಾಪಸ್ ಕೊಡಿ ಸರ್. ನಾನು ಕೇಳಿದ್ದು, ನಾನೇ ಅಳ್ತೀನಿ."

"ಸಾಲಿಗೆ ಸೇರಿದ ಮೇಲೆ ಯಾರದು ಅನ್ನೋ ಹೆಸರು ಉಳಿಯಲ್ಲ."

"ಹಾಗಾದ್ರೆ ನಿಲ್ಲಿಸಿಬಿಡಿ."

"ನಿಲ್ಲಿಸಿದ ಗಳಿಗೇಲಿ ಜಗಲಿ ಮೇಲೆ ಕೂತಿರೋದೆಲ್ಲ ಒಟ್ಟಿಗೆ ಒಳಗೆ ನುಗ್ಗುತ್ತೆ. ಹಸೀನಾ, ನೀವು, ಆ ಸಾಲಲ್ಲಿ ಕೂತಿರೋ ಅಷ್ಟೂ ಜನ. ಯಾರು ಉಳೀತಾರೆ?" ಆಮೇಲೆ ದನಿ ತಗ್ಗಿಸಿ ಹೇಳಿದ: "ನಿಮ್ಮ ತಂದೇನ ಉಳಿಸ್ಕೋಬೇಕಾ? ಅವರ ಬಿಲ್ಲೆ ತೆಗೆಸಿಬಿಡಿ. ಅವರ ಬೆರಳಿಗೆ ಮಾತ್ರ ಬಿಡುತ್ತೆ, ಬೇರೆಯವರು ಎಳೆದ್ರೆ ಬರಲ್ಲ. ಒಬ್ಬರು ತೆಗೆದ್ರೆ ಏನೂ ಆಗಲ್ಲ. ಮುಂದಿನ ಖಾಲಿ ಮನಸ್ಸಿಗೆ ಹೋಗುತ್ತೆ."

ಅವಳು ಎದ್ದಳು. ಬಾಗಿಲ ಹತ್ತಿರ ಹೋದಾಗ ಅವನು ಹಿಂದಿನಿಂದ ಹೇಳಿದ: "ನಾನು ಹೇಳಿದೆ ಅಂತ ಹೇಳಬೇಡಿ. ಮೇಲಿನವರು ಶನಿವಾರದ ಅಂಕಿ ನೋಡಿ ಖುಷಿಯಾಗಿದಾರೆ. ಊರೂರಲ್ಲೂ ಕಾವ್ಯವಾಚನ ಏರ್ಪಾಡು ಮಾಡ್ತಾರಂತೆ. ವಯಸ್ಸಾದವರಿಗೆ, ಕಾಫಿ ತಿಂಡಿ ಸಮೇತ."

ಮನೆಗೆ ಬರುವ ದಾರಿಯಲ್ಲಿ ಮೈಥಿಲಿ ತನ್ನ ಬಿಲ್ಲೆಯನ್ನು ಉಗುರಿನಿಂದೆಬ್ಬಿಸಿ ಕಿತ್ತು ಚರಂಡಿಗೆ ಎಸೆದಳು. ಕಾದು ನಿಂತಳು, ಏನಾದರೂ ಬಂದೀತೆಂದು. ಏನೂ ಬರಲಿಲ್ಲ. ಅವಳು ಕೇಳಿದ್ದ ಅಷ್ಟೂ ಮೊರೆಗಳಲ್ಲಿ ಒಂದೂ ಅವಳದಾಗಿ ಉಳಿದಿರಲಿಲ್ಲ.

ಚಿದಂಬರಯ್ಯನವರು ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು. ಎಳೆಬಿಸಿಲು ಅವರ ಪಾದದ ಮೇಲೆ ಬಿದ್ದಿತ್ತು. ತುಟಿ ನೀಲಿಯಾಗಿತ್ತು. ಅವಳು ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಿಡದೆ. ಪದ್ಮಾವತಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ಪದ್ಯ ಅಲ್ಲ ಅಂತ ನನಗೆ ಗೊತ್ತಿತ್ತು" ಎಂದರು ಚಿದಂಬರಯ್ಯ. "ಪದ್ಯಕ್ಕೆ ಅತ್ತರೆ ಎದೆ ತಂಪಾಗುತ್ತೆ. ಇದು ಸುಡ್ತಿತ್ತು. ಹೇಳ್ತಿರೋರು ಯಾರು ಅಂತ ಗೊತ್ತಿರಲಿಲ್ಲ, ಅಷ್ಟೇ. ನಮ್ಮನೆ ಹುಡುಗೀನೇ ಅಂತ..."

"ನಾನೊಬ್ಬಳೇ ಅಲ್ಲ ಅಪ್ಪ. ಎಲ್ಲಾರದೂ. ತೆಗೆದುಬಿಡು. ಈಗಲೇ."

"ಒಂದಕ್ಕೂ ಕೊನೆ ಇಲ್ಲ ಕಣಮ್ಮ. ಮನೆ ಉರೀತಾ ಇರುತ್ತೆ, ಅಲ್ಲಿಗೇ ನಿಲ್ಲುತ್ತೆ. ಹೆಂಗಸು ನೋವು ತಿಂತಾ ಇರ್ತಾಳೆ, ಅಲ್ಲಿಗೇ ನಿಲ್ಲುತ್ತೆ. ಅಷ್ಟರಲ್ಲಿ ಇನ್ನೊಂದು."

"ನಮಗೂ ಗೊತ್ತಾಗಲ್ಲ ಅಪ್ಪ. ವಾಹನ ಕಳಿಸಿದ ಮೇಲೆ ಏನಾಯ್ತು ಅಂತ ಯಾರೂ ನಮಗೆ ಹೇಳಲ್ಲ. ಅದಕ್ಕೆ ಕೊನೆ ಬರೋದೇ ಇಲ್ಲ."

ಚಿದಂಬರಯ್ಯನವರ ಬೆರಳು ನಿಧಾನವಾಗಿ ಕಿವಿಯ ಹಿಂದಕ್ಕೆ ಹೋಯಿತು. ಬಿಲ್ಲೆಯ ಅಂಚನ್ನು ಮುಟ್ಟಿತು. ಮೈಥಿಲಿ ಉಸಿರು ಹಿಡಿದಳು. ಆಗ ಅವಳಿಗೆ ಮನೆಯಲ್ಲಿ ಏನೋ ತಪ್ಪಿದೆ ಅನ್ನಿಸಿತು. ಏನೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು.

ಅಮ್ಮ ಮಾತಾಡುತ್ತಿರಲಿಲ್ಲ.

ಪದ್ಮಾವತಮ್ಮ ಗಂಡನ ಬೆರಳನ್ನೇ ನೋಡುತ್ತ ನಿಂತಿದ್ದರು. ಬಾಯಿ ಅರೆತೆರೆದಿತ್ತು. ಬದುಕಿನಲ್ಲಿ ಮೊದಲ ಬಾರಿಗೆ ಅವರಿಗೆ ಹೇಳಲು ಏನೂ ಇರಲಿಲ್ಲ. ಅವರ ಬಲಗೈ ತಾನಾಗಿ ಮೇಲೆದ್ದು, ಸೊಂಟದ ಎತ್ತರದಲ್ಲಿ, ಇಲ್ಲದ ಒಂದು ಚಿಕ್ಕ ತಲೆಯನ್ನು ನೇವರಿಸತೊಡಗಿತು.

"ಬಿಸಿ ನೀರು ಚೆಲ್ಲಿಬಿಡ್ತು" ಎಂದರು, ತಮ್ಮದಲ್ಲದ ದನಿಯಲ್ಲಿ. "ಚರ್ಮ ಕೈಗೆ ಬರ್ತಾ ಇದೆ..."

"ಅಮ್ಮ! ಮಾತಾಡು! ಏನಾದ್ರೂ ಬೈಯಿ ನನ್ನ! ಅಮ್ಮ, ಬಿಲ್ಲೆ ಕಿತ್ತುಹಾಕು!"

ಮೈಥಿಲಿ ಅಮ್ಮನ ಕೈಯನ್ನೇ ಹಿಡಿದು, ಅವರ ಉಗುರನ್ನೇ ಒತ್ತಿ, ಬಿಲ್ಲೆಯನ್ನು ಎಬ್ಬಿಸಿದಳು. ಪದ್ಮಾವತಮ್ಮ ಹೊಸಿಲ ಮೇಲೆ ಕುಸಿದು ಕೂತರು. ಹಲ್ಲು ಕಟಕಟಿಸುತ್ತಿತ್ತು. "ರೀ" ಎಂದರು ಕೊನೆಗೆ. "ಇದನ್ನಾ ನೀವು ದಿನಾ ಕೂತು ಕೇಳ್ತಿದ್ದದ್ದು? ತೆಗೀರಿ. ನನ್ನಾಣೆ, ತೆಗೀರಿ ಅದನ್ನ."

ಚಿದಂಬರಯ್ಯ ಕೈ ಕೆಳಗಿಳಿಸಿದ್ದರು.

"ಅದು ನಿನ್ನ ಹತ್ರ ಬಂದಾಗ ನನಗೆ ಬಿಡುವಾಯ್ತು ಪದ್ಮಾ" ಎಂದರು. "ಬಹಳ ದಿನದ ಮೇಲೆ ಎದೆ ಹಗುರಾಯ್ತು. ಬಿಸಿಲು ಕಾಲಿಗೆ ತಾಕ್ತು. ನೀನು ಕಿತ್ತೆ. ಮತ್ತೆ ನನ್ನ ಹತ್ರ ಬಂತು. ನಾನು ಕಿತ್ತರೆ ಯಾರ ಹತ್ರ ಹೋಗುತ್ತೆ?"

"ಯಾರ ಹತ್ರಾನಾದ್ರೂ ಹೋಗಲಿ!" ಮೈಥಿಲಿ ಅವರ ಮಂಡಿ ಹಿಡಿದುಕೊಂಡಳು. "ನಿನ್ನ ಜೀವ ಹೋಗ್ತಿದೆ ಅಪ್ಪ. ಡಾಕ್ಟರು ಹೇಳಿದ್ದು ಮರೆತ್ಯಾ?"

"ಹೇಳೋರು ಹೇಳ್ತಾ ಇದಾರೆ. ಮಂಗಳ ಆಗಿಲ್ಲ. ಮಧ್ಯದಲ್ಲಿ ಎದ್ದು ಹೋಗೋದು ಹೇಗಮ್ಮ?"

"ಇದು ಸಭೆ ಅಲ್ಲ! ಇದಕ್ಕೆ ಮಂಗಳ ಇಲ್ಲ! ಯಾವತ್ತೂ ಆಗಲ್ಲ!"

ಅವರು ಬೆನ್ನು ನೇರ ಮಾಡಿದರು. ಕಾಲು ಮಡಿಸಿದರು. ಶನಿವಾರ ಸಂಜೆ ಮುಂದಿನ ಸಾಲಿನಲ್ಲಿ ಕೂರುವಂತೆ ಕೂತರು. ಬಿಸಿಲು ಗೋಡೆಯ ಕಡೆ ಸರಿಯುತ್ತಿತ್ತು. ಎಲ್ಲಿಯದೋ ಒಂದು ಕರೆ ಆಗಲೇ ಅವರನ್ನು ತಲುಪಿರಬೇಕು, ತುಟಿ ಅದುರಿತು, ಹಣೆಯ ಮೇಲೆ ಬೆವರು ಸಾಲಾಗಿ ಮೂಡಿತು.

"ಅಪ್ಪ, ನಾನು ನಿನಗೆ ಕೈ ಮುಗಿದು ಕೇಳ್ತಾ ಇದೀನಿ. ತೆಗಿ."

"ಇಲ್ಲ ಮಗು" ಎಂದು ಚಿದಂಬರಯ್ಯನವರು ಕಣ್ಣು ಮುಚ್ಚಿದರು. "ತೆಗೆಯಲ್ಲ."